ಕಿವಿಯ ಗುಂಯ್ ಸದ್ದಿಗೆ ಸೂಜಿ ಹಾಕಿಸಿಕೊಳ್ಳುವ ಮುಂಚೆ

ರಾತ್ರಿ ಲೈಟ್ ಆರಿಸಿದ ಮೇಲೆ ನಿಮ್ಮ ಕಿವಿಯೊಳಗೆ ಜೀರುಂಡೆ ಕೂಗುತ್ತದೆಯಾ? ಪಕ್ಕದಲ್ಲಿ ಮಲಗಿದವರಿಗೆ ಏನೂ ಕೇಳಿಸುವುದಿಲ್ಲ, ನಿಮಗೆ ಮಾತ್ರ ಗುಂಯ್ ಅಂತ ನಿಲ್ಲದೆ ಬರುತ್ತದೆ, ಅಲ್ವಾ? ಹಾಗಿದ್ದರೆ ಇದು ನಿಮಗಾಗಿ ಬರೆದದ್ದು. ಇದಕ್ಕೆ ಕಿವಿಮೊರೆತ ಅಂತಾರೆ, ಇಂಗ್ಲಿಷಿನಲ್ಲಿ ಟಿನಿಟಸ್. ನನಗೂ ಆರು ವರ್ಷದಿಂದ ಇದೆ. ಎಡಗಿವಿಯಲ್ಲಿ ಜಾಸ್ತಿ, ಬಲಗಿವಿಯಲ್ಲಿ ಕಮ್ಮಿ.

ನಾನು ಚಿಂತಾಮಣಿ ಕಡೆಯವನು. ಹದಿನೆಂಟು ವರ್ಷ ಬೋರ್‌ವೆಲ್ ಗಾಡಿಯ ಜೊತೆ ಇದ್ದೆ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ, ದ್ರಾಕ್ಷಿ ಇರಲಿ ಟೊಮೇಟೊ ಇರಲಿ ಹಿಪ್ಪುನೇರಳೆ ಇರಲಿ ಎಲ್ಲಾ ಬೋರ್ ನೀರಿನ ಮೇಲೇ ನಿಂತಿದೆ, ಹಾಗಾಗಿ ಗಾಡಿಗೆ ರಾತ್ರಿ ಹಗಲು ಕೆಲಸ. ಕಂಪ್ರೆಸರ್ ನನ್ನ ಎಡಗಡೆ ಇರುತ್ತಿತ್ತು. ಕಿವಿಗೆ ಒಂದು ತುಂಡು ಹತ್ತಿಯನ್ನೂ ಇಟ್ಟುಕೊಂಡವನಲ್ಲ.

ಕಿವಿ ಗುಂಯ್ ಅನ್ನುತ್ತೆ ಅಂತ ಯಾರಿಗೆ ಹೇಳಿದರೂ ಈಗ ಬರುವ ಉತ್ತರ ಒಂದೇ. ಸೂಜಿ ಹಾಕಿಸ್ಕೋ, ಅಕ್ಯುಪಂಕ್ಚರ್‌ನಲ್ಲಿ ಹೋಗುತ್ತಂತೆ. ಔಷಧಿ ಇಲ್ಲದ ತೆಳು ಸೂಜಿಗಳನ್ನು ಮೈಯ ಕೆಲವು ಬಿಂದುಗಳಲ್ಲಿ ಚುಚ್ಚಿ ಸ್ವಲ್ಪ ಹೊತ್ತು ಬಿಡುವ ಚೀನೀ ಚಿಕಿತ್ಸೆ ಅದು. ನಾನೂ ಹಾಕಿಸಿಕೊಂಡೆ, ಹತ್ತು ಸಿಟ್ಟಿಂಗ್. ಮಾಡಿಸಬೇಡಿ ಅಂತ ಹೇಳಲು ನಾನು ಬಂದಿಲ್ಲ. ಕಣ್ಣು ಮುಚ್ಚಿ ಮಾಡಿಸಿ ಅಂತಲೂ ಹೇಳುವುದಿಲ್ಲ. ಬೋರ್ ಕೊರೆಸುವಾಗ ಬುದ್ಧಿ ಇರುವ ರೈತ ಏನು ಮಾಡುತ್ತಾನೆ? ಗಾಡಿ ಹೊಲಕ್ಕೆ ಬರುವ ಮುಂಚೆಯೇ ಇಷ್ಟು ಅಡಿ, ಇಷ್ಟು ದುಡ್ಡು, ಅಲ್ಲಿಗೆ ನಿಲ್ಲಿಸುತ್ತೇನೆ ಅಂತ ತೀರ್ಮಾನ ಮಾಡಿಕೊಂಡಿರುತ್ತಾನೆ. ಮಾಡಿಕೊಳ್ಳದವನು ಸಾವಿರ ಅಡಿ ದಾಟಿದ ಮೇಲೂ ಬರೀ ಧೂಳು ಬರುತ್ತಿದ್ದರೆ "ಇನ್ನೊಂದು ನೂರಡಿ ಬಿಡಪ್ಪ" ಅನ್ನುತ್ತಾನೆ. ಹಾಗೆ ಹೇಳಿ ಹೇಳಿ ಹೊಲ ಮಾರಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸೂಜಿ ಚಿಕಿತ್ಸೆಗೂ ಅಡಿ ಲೆಕ್ಕ ಮೊದಲೇ ಇರಬೇಕು. ಅದನ್ನು ಹೇಗೆ ಹಾಕಿಕೊಳ್ಳುವುದು ಅಂತ ಹೇಳುತ್ತೇನೆ.

ಮೊದಲು ಕಿವಿ ತೋರಿಸಿ

ಸೂಜಿ ಮಾತು ಆಮೇಲೆ. ಮೊದಲು ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ. ಯಾಕೆಂದರೆ ಈ ಗುಂಯ್ ಅನ್ನುವುದು ಕಾಯಿಲೆ ಅಲ್ಲ, ಕಾಯಿಲೆಯ ಲಕ್ಷಣ. ಜ್ವರ ಇದ್ದ ಹಾಗೆ. ಕೆಳಗೆ ಏನಿದೆ ಅಂತ ನೋಡದೆ ಮೇಲೆ ಏನು ಮಾಡಿದರೂ ಸುಮ್ನೆ. ನಮ್ಮ ಗಾಡಿಯ ಒಬ್ಬ ಹುಡುಗ ಮೂರು ತಿಂಗಳು ನಿದ್ದೆ ಇಲ್ಲದೆ ಒದ್ದಾಡಿದ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟುಕೊಂಡ, ಬೆಂಕಿಕಡ್ಡಿ ಹಾಕಿ ಕೆದಕಿಕೊಂಡ. ಕಡೆಗೆ ಡಾಕ್ಟರ್ ನೋಡಿದರೆ ಕಿವಿ ತುಂಬಾ ಗುಗ್ಗೆ. ತೆಗೆದರು, ಸದ್ದು ನಿಂತಿತು. ಅಷ್ಟೇ. ದಯವಿಟ್ಟು ಕಿವಿಗೆ ಎಣ್ಣೆ ಬಿಡಬೇಡಿ. ತಮಟೆಯಲ್ಲಿ ತೂತಿದ್ದರೆ ಎಣ್ಣೆ ಒಳಗೆ ಹೋಗಿ ಸೋಂಕಾಗುತ್ತದೆ, ತೂತು ಇದೆಯೋ ಇಲ್ಲವೋ ನಮಗೆ ಹೊರಗಿಂದ ಗೊತ್ತಾಗುವುದಿಲ್ಲ.

ಡಾಕ್ಟರ್ ಕಿವಿ ನೋಡಿದ ಮೇಲೆ ಆಡಿಯೋಮೆಟ್ರಿ ಮಾಡಿಸಿ. ಒಂದು ಮುಚ್ಚಿದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸುತ್ತಾರೆ, ಪೀಂ ಅಂತ ಸಣ್ಣ ಸದ್ದು ಕೇಳಿದಾಗ ಗುಂಡಿ ಒತ್ತಬೇಕು, ನೋವಿಲ್ಲ ಏನಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಕೋಲಾರದ ಕಡೆಯವರಿಗೆ ಟಮಕದ ದೇವರಾಜ ಅರಸು ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಬೆಂಗಳೂರಿಗೆ ಹೋಗುವವರಿಗೆ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಶ್ರೀ ವೆಂಕಟೇಶ್ವರ ಇಎನ್‌ಟಿ ಸಂಸ್ಥೆ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತೂ ಕಿವಿ ಮತ್ತು ಮಾತಿನ ಕೆಲಸಕ್ಕೇ ಮೀಸಲಾದ ಜಾಗ. ಕೊಟ್ಟ ಗ್ರಾಫನ್ನು ಎಸೆಯಬೇಡಿ, ಮುಂದೆ ಬೇಕಾಗುತ್ತದೆ.

ಕೆಲವು ಗುರುತು ಕಂಡರೆ ಸೂಜಿಯನ್ನು ಪೂರ್ತಿ ಮರೆತು ನೇರ ಆಸ್ಪತ್ರೆಗೆ ಓಡಬೇಕು. ಬೆಳಿಗ್ಗೆ ಎದ್ದಾಗ ಇದ್ದಕ್ಕಿದ್ದ ಹಾಗೆ ಒಂದು ಕಿವಿ ಮಂಕಾಗಿ ಗುಂಯ್ ಶುರುವಾದರೆ ಅದು ತುರ್ತು, ಅವತ್ತೇ ಹೋಗಬೇಕು, ಅದಕ್ಕೆ ಸ್ಟೀರಾಯ್ಡ್ ಕೊಡುತ್ತಾರೆ, ಮೊದಲ ಎರಡು ವಾರದೊಳಗೆ ಶುರು ಮಾಡಿದರೆ ಕೇಳಿಸುವುದು ವಾಪಸ್ ಬರುವ ಅವಕಾಶ ಜಾಸ್ತಿ. ಆ ಎರಡು ವಾರವನ್ನು ಸೂಜಿಯಲ್ಲೋ ನಾಟಿ ಔಷಧಿಯಲ್ಲೋ ಕಳೆದರೆ ಕಿವಿಯನ್ನೇ ಕಳೆದುಕೊಂಡ ಹಾಗೆ ಆಗಬಹುದು. ಸದ್ದು ನಾಡಿಯ ಬಡಿತದ ಜೊತೆ ಢಬ್ ಢಬ್ ಅಂತ ಬಂದರೆ ಅದು ರಕ್ತನಾಳದ ವಿಷಯ ಇರಬಹುದು, ಅದಕ್ಕೆ ಬೇರೆ ಪರೀಕ್ಷೆ ಬೇಕು. ಒಂದೇ ಕಿವಿಯಲ್ಲಿ ಮಾತ್ರ ಬಂದರೆ, ತಲೆ ಗಿರ್ರನೆ ತಿರುಗಿದರೆ, ಮುಖದ ಒಂದು ಪಕ್ಕ ಸೋತರೆ, ಕಿವಿ ಸೋರಿದರೆ ಕೂಡ ತಡ ಮಾಡಬೇಡಿ. ನನಗೆ ಎಡಗಡೆ ಜಾಸ್ತಿ ಇದ್ದದ್ದಕ್ಕೆ ಡಾಕ್ಟರ್ ಎಂಆರ್‌ಐ ಮಾಡಿಸಿದರು. ಕೇಳಿಸುವ ನರದ ಮೇಲೆ ಸಣ್ಣ ಗಡ್ಡೆ ಇರುತ್ತದಂತೆ ಕೆಲವರಿಗೆ, ಅದನ್ನು ನೋಡಲು. ನನಗೆ ಇರಲಿಲ್ಲ. ಆ ರಿಪೋರ್ಟ್ ಬರುವ ತನಕ ಊಟ ಸೇರಿರಲಿಲ್ಲ, ಆದರೆ ಮಾಡಿಸಿದ್ದು ಒಳ್ಳೆಯದೇ ಆಯಿತು.

ನೀವು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನೂ ತೋರಿಸಿ. ಜಾಸ್ತಿ ಡೋಸ್ ಆಸ್ಪಿರಿನ್, ಟಿಬಿಗೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್, ಅಮಿಕಾಸಿನ್ ಇಂಜೆಕ್ಷನ್, ಕ್ಯಾನ್ಸರ್‌ಗೆ ಕೊಡುವ ಸಿಸ್‌ಪ್ಲಾಟಿನ್, ಇವೆಲ್ಲ ಕಿವಿಗೆ ಪೆಟ್ಟು ಕೊಡಬಲ್ಲವು. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ. ಕೇಳಿ, ಆಮೇಲೆ.

ಸದ್ದು ಎಲ್ಲಿಂದ ಬರುತ್ತದೆ

ಇದನ್ನು ತಿಳಿದುಕೊಂಡರೆ ಸೂಜಿ ಏನು ಮಾಡಬಲ್ಲದು, ಏನು ಮಾಡಲಾರದು ಅನ್ನುವುದು ಅರ್ಧ ಗೊತ್ತಾಗುತ್ತದೆ. ಒಳಕಿವಿಯಲ್ಲಿ ಬಸವನಹುಳು ಚಿಪ್ಪಿನಂಥ ಒಂದು ಅಂಗ ಇದೆ, ಅದರಲ್ಲಿ ಸುಮಾರು 15 ಸಾವಿರ ಕೂದಲು ಕೋಶಗಳು ಇರುತ್ತವೆ. ಸದ್ದನ್ನು ನರಕ್ಕೆ ಮುಟ್ಟಿಸುವುದು ಇವುಗಳ ಕೆಲಸ. ವಯಸ್ಸಿನಿಂದ, ದೊಡ್ಡ ಸದ್ದಿನಿಂದ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಅಲ್ಲಿಂದ ಬರುವ ಸುದ್ದಿ ಕಮ್ಮಿಯಾದಾಗ ಮಿದುಳು ತನ್ನ ಕಡೆಯಿಂದ ವಾಲ್ಯೂಮ್ ಜಾಸ್ತಿ ಮಾಡುತ್ತದೆ. ಹಳೇ ರೇಡಿಯೋದಲ್ಲಿ ಸ್ಟೇಷನ್ ಸರಿಯಾಗಿ ಸಿಗದೆ ಇದ್ದಾಗ ವಾಲ್ಯೂಮ್ ತಿರುಗಿಸಿದರೆ ಬರೀ ಸುಯ್ ಅನ್ನುತ್ತಿತ್ತಲ್ಲ, ಹೆಚ್ಚು ಕಮ್ಮಿ ಹಾಗೆ. ಅಂದರೆ ಬಹಳ ಜನರಲ್ಲಿ ಸದ್ದು ಇರುವುದು ಕಿವಿಯಲ್ಲಲ್ಲ, ಮಿದುಳಿನಲ್ಲಿ. ಸತ್ತ ಕೋಶವನ್ನು ಯಾವ ಸೂಜಿಯೂ ಎಬ್ಬಿಸುವುದಿಲ್ಲ. "ನರ ರಿಪೇರಿ ಮಾಡಿಕೊಡ್ತೀವಿ" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಆದರೆ ಇಲ್ಲಿ ಒಂದು ಸಣ್ಣ ಬಾಗಿಲಿದೆ. ಕಿವಿಯಿಂದ ಬರುವ ನರ ಮಿದುಳಿನ ಕಾಂಡದಲ್ಲಿ ಮೊದಲು ಸೇರುವ ಜಾಗಕ್ಕೇ ದವಡೆ, ಮುಖ, ಕುತ್ತಿಗೆಯ ನರಗಳಿಂದಲೂ ಸಂದೇಶ ಬರುತ್ತದೆ. ಹಾಗಾಗಿ ಕೆಲವರಲ್ಲಿ ಕುತ್ತಿಗೆ ಬಿಗಿದರೆ ಸದ್ದು ಬದಲಾಗುತ್ತದೆ. ನೀವೇ ನೋಡಿಕೊಳ್ಳಿ. ಗದ್ದಲ ಇಲ್ಲದ ಕೋಣೆಯಲ್ಲಿ ಕೂತು ಹಲ್ಲು ಗಟ್ಟಿಯಾಗಿ ಕಚ್ಚಿ, ಬಿಡಿ. ದವಡೆಯನ್ನು ಮುಂದಕ್ಕೆ ತನ್ನಿ. ಕುತ್ತಿಗೆಯನ್ನು ನಿಧಾನವಾಗಿ ಎರಡೂ ಕಡೆ ತಿರುಗಿಸಿ. ಸದ್ದು ಏರಿತಾ, ಇಳಿಯಿತಾ, ಸ್ವರ ಬದಲಾಯಿತಾ? ಬದಲಾದರೆ ನಿಮ್ಮ ಗುಂಯ್‌ನಲ್ಲಿ ಸ್ನಾಯುಗಳ ಪಾಲು ಸ್ವಲ್ಪ ಇದೆ ಅಂತ ಅರ್ಥ. ಇಂಥವರಿಗೆ ಕುತ್ತಿಗೆ, ದವಡೆಯ ಫಿಸಿಯೋಥೆರಪಿ ಉಪಯೋಗಕ್ಕೆ ಬರಬಹುದು, ಸೂಜಿಯಿಂದ ಏನಾದರೂ ಆಗುವುದಿದ್ದರೆ ಇವರಿಗೇ ಆಗಬಹುದು ಅಂತ ನನ್ನ ಅಂದಾಜು. ನನಗೆ ಹಲ್ಲು ಕಚ್ಚಿದರೆ ಸದ್ದು ಏರುತ್ತಿತ್ತು. ಸೂಜಿ ಪ್ರಯತ್ನ ಮಾಡೋಣ ಅನ್ನಿಸಿದ್ದು ಅದಕ್ಕೇ.

ಪರೀಕ್ಷೆ ಮಾಡಿ ನೋಡಿದವರು ಏನು ಕಂಡರು

ಬೋರ್ ಕೊರೆಯಲು ನೀರಿನ ಪಾಯಿಂಟ್ ನೋಡುವವರು ಗೊತ್ತಲ್ವಾ? ಕೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆಯುತ್ತಾರೆ, ಕಾಯಿ ಎದ್ದು ನಿಂತ ಕಡೆ ಕಲ್ಲು ಇಡುತ್ತಾರೆ. ನೀರು ಬಿದ್ದರೆ ಸುತ್ತ ಹತ್ತು ಹಳ್ಳಿಗೆ ಸುದ್ದಿ. ಬೀಳದೆ ಹೋದ ಹೊಲಗಳ ಲೆಕ್ಕ ಯಾರೂ ಇಡುವುದಿಲ್ಲ. ಹದಿನೆಂಟು ವರ್ಷ ಎರಡೂ ಥರದ ಹೊಲಗಳಲ್ಲಿ ನಿಂತಿದ್ದೇನೆ, ಹಾಗಾಗಿ "ನಮ್ಮ ಭಾವನಿಗೆ ಹೋಯ್ತು" ಅನ್ನುವ ಮಾತನ್ನು ಕೇಳಿದಾಗ, ಹೋಗದೆ ಇದ್ದವರು ಎಷ್ಟು ಜನ ಅಂತಲೂ ಕೇಳಬೇಕು ಅನ್ನಿಸುತ್ತದೆ.

ಅದನ್ನು ಲೆಕ್ಕ ಹಾಕುವ ದಾರಿ ಇದೆ. ಅರ್ಧ ಜನರಿಗೆ ನಿಜವಾದ ಸೂಜಿ, ಇನ್ನರ್ಧ ಜನರಿಗೆ ಹುಸಿ ಸೂಜಿ. ನಾಟಕದಲ್ಲಿ ಚುಚ್ಚಿದಾಗ ಹಿಡಿಯೊಳಗೆ ಜಾರುವ ಚಾಕು ಇರುತ್ತಲ್ಲ, ಹಾಗೆ ತುದಿ ಮೊಂಡಾಗಿ ಚರ್ಮಕ್ಕೆ ತಾಗಿದ ಕೂಡಲೇ ಒಳಗೆ ಸರಿಯುವ ಸೂಜಿಗಳೂ ಇವೆ. ಯಾರಿಗೆ ಯಾವುದು ಹಾಕಿದ್ದು ಅಂತ ರೋಗಿಗೆ ಗೊತ್ತಿರುವುದಿಲ್ಲ. ಇಂಗ್ಲೆಂಡಿನ ಸಂಶೋಧಕರು 2000ರಲ್ಲಿ ಕಿವಿಮೊರೆತಕ್ಕೆ ಅಕ್ಯುಪಂಕ್ಚರ್ ಮಾಡಿದ 6 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ರೋಗಿಗೆ ಯಾವುದು ಅಂತ ಗೊತ್ತಿದ್ದ 2 ಪ್ರಯೋಗಗಳಲ್ಲಿ ಗುಣ ಕಂಡಿತ್ತು. ಗೊತ್ತಿಲ್ಲದ ಹಾಗೆ ಮಾಡಿದ 4 ಪ್ರಯೋಗಗಳಲ್ಲಿ ಗಮನಿಸುವಂಥ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಬಂದ ಪ್ರಯೋಗಗಳಲ್ಲಿ ಕೆಲವು ಒಳ್ಳೆ ಫಲಿತಾಂಶ ತೋರಿಸಿವೆ, ಆದರೆ ಬಹಳಷ್ಟು ಸಣ್ಣವು, ಒಂದೊಂದೂ ಬೇರೆ ಬೇರೆ ಬಿಂದುಗಳಲ್ಲಿ ಬೇರೆ ಬೇರೆ ಥರ ಮಾಡಿದವು. ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯರ ಅಕಾಡೆಮಿ 2014ರಲ್ಲಿ ಕಿವಿಮೊರೆತದ ಮಾರ್ಗಸೂಚಿ ತಂದಾಗ ಅಕ್ಯುಪಂಕ್ಚರ್ ಮಾಡಿಸಿ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ.

ಅದೇ ಮಾರ್ಗಸೂಚಿ ಗಿಂಕೊ, ಮೆಲಟೋನಿನ್, ಜಿಂಕ್ ಮಾತ್ರೆಗಳನ್ನು ಇದಕ್ಕಾಗಿ ಸಲಹೆ ಮಾಡಬೇಡಿ ಅಂತ ನೇರವಾಗಿ ಹೇಳಿತು. ನಮ್ಮ ಕಡೆ ಗುಂಯ್ ಅಂದ ಕೂಡಲೇ ಬರೆಯುವ ಬೀಟಾಹಿಸ್ಟಿನ್ ಮಾತ್ರೆಯನ್ನೂ ಬರೀ ಗುಂಯ್ ಸದ್ದಿಗೆ ಅಂತ ಕೊಡಬೇಡಿ ಎಂದು ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಮಾರ್ಗಸೂಚಿ ಮಾಡುವ ನೈಸ್ ಸಂಸ್ಥೆ 2020ರಲ್ಲಿ ಹೇಳಿದೆ. ತಲೆ ಸುತ್ತಿಗೆ ಕೊಟ್ಟಿದ್ದರೆ ಅದು ಬೇರೆ ಮಾತು.

ಎಷ್ಟು ಅಡಿ ಅಂತ ಮೊದಲೇ ಬರೆದಿಡಿ

ಇದು ಎಲ್ಲಕ್ಕಿಂತ ಮುಖ್ಯ, ನಿಧಾನವಾಗಿ ಓದಿ.

ಗುಂಯ್ ಸದ್ದು ದಿನಾ ಒಂದೇ ಥರ ಇರುವುದಿಲ್ಲ. ನಿದ್ದೆ ಕೆಟ್ಟರೆ ಏರುತ್ತದೆ, ಸಾಲದ ಯೋಚನೆ ಬಂದರೆ ಏರುತ್ತದೆ, ಮದುವೆ ಮನೆ ಗಲಾಟೆಯ ಮಧ್ಯೆ ಮರೆತೇ ಹೋಗುತ್ತದೆ. ನಾವು ಚಿಕಿತ್ಸೆಗೆ ಓಡುವುದು ಯಾವಾಗ? ತೀರಾ ತಡೆಯಲು ಆಗದೆ ಇದ್ದಾಗ. ತೀರಾ ಏರಿದ್ದು ಹೇಗೂ ಸ್ವಲ್ಪ ಇಳಿಯುತ್ತದೆ. ಕೆರೆ ಬತ್ತಿ ಬಿರುಕು ಬಿಟ್ಟ ಮೇಲೆ ಮಳೆಗೆ ಹರಕೆ ಹೊತ್ತರೆ, ಆಮೇಲೆ ಬಂದ ಮಳೆ ಹರಕೆಯಿಂದ ಬಂತೋ ಕಾಲ ಬಂದು ಬಂತೋ ಹೇಳುವುದು ಕಷ್ಟ. ಅದಕ್ಕೇ ಸೂಜಿ ಶುರುವಾಗುವ ಮುಂಚೆ ಎರಡು ವಾರ ಲೆಕ್ಕ ಬರೆಯಬೇಕು.

ಒಂದು ನೋಟ್ ಪುಸ್ತಕ ಸಾಕು. ರಾತ್ರಿ ಮಲಗುವ ಮುಂಚೆ ಮೂರು ಅಂಕಿ: ಇವತ್ತು ಸದ್ದು ಎಷ್ಟು ಜೋರಾಗಿತ್ತು, ಎಷ್ಟು ಕಾಡಿತು, ನಿನ್ನೆ ರಾತ್ರಿ ನಿದ್ದೆ ಹೇಗಿತ್ತು. ಎಲ್ಲಾ ಸೊನ್ನೆಯಿಂದ ಹತ್ತರೊಳಗೆ. ಜೋರು ಮತ್ತು ಕಾಟ ಬೇರೆ ಬೇರೆ ಬರೆಯುವುದು ಮರೆಯಬೇಡಿ, ಅವೆರಡೂ ಒಂದೇ ಅಲ್ಲ ಅನ್ನುವುದು ನನಗೆ ಗೊತ್ತಾದದ್ದೇ ಬರೆದ ಮೇಲೆ. ಹಿಂದಿನ ದಿನದ ಅಂಕಿ ನೋಡದೆ ಬರೆಯಿರಿ. ಜೊತೆಗೆ ಒಂದು ಸಾಲು, ಅವತ್ತು ಏನು ವಿಶೇಷ ಅಂತ. ನಾಲ್ಕು ದಿನದಲ್ಲಿ ಬೇಜಾರಾಗುತ್ತದೆ, ಬಿಡಬೇಡಿ.

ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳಿಸುತ್ತದೆ ಅಂತ ಪರೀಕ್ಷೆ ಮಾಡುವವರ ಹತ್ತಿರ ಟಿನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿ ಅನ್ನುವ ಪ್ರಶ್ನಾವಳಿ ಇರುತ್ತದೆ, ಕೇಳಿ. 1996ರಲ್ಲಿ ಅಮೆರಿಕದಲ್ಲಿ ತಯಾರಾದದ್ದು, ಕನ್ನಡಕ್ಕೂ ಬಂದಿದೆ. 25 ಪ್ರಶ್ನೆ. ಹೌದು ಅಂದರೆ 4, ಕೆಲವು ಸಲ ಅಂದರೆ 2, ಇಲ್ಲ ಅಂದರೆ 0, ಒಟ್ಟು 100ಕ್ಕೆ. ಸೂಜಿಗೆ ಮುಂಚೆ ಒಂದು ಸಲ, ಎಲ್ಲಾ ಮುಗಿದು ಒಂದು ತಿಂಗಳಾದ ಮೇಲೆ ಇನ್ನೊಂದು ಸಲ ತುಂಬಿ. ಒಬ್ಬ ಮನುಷ್ಯನಲ್ಲಿ 20 ಅಂಕಿಯಷ್ಟು ಇಳಿದರೆ ಅದು ನಿಜವಾದ ಬದಲಾವಣೆ ಅಂತ ಅದನ್ನು ಮಾಡಿದವರೇ ಹೇಳಿದ್ದಾರೆ. ಐದಾರು ಅಂಕಿ ಅತ್ತ ಇತ್ತ ಆಗುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಆಮೇಲೆ ಅದೇ ಪುಸ್ತಕದ ಮೊದಲ ಹಾಳೆಯಲ್ಲಿ ಮಿತಿ ಬರೆಯಿರಿ. ನಾನು ಬರೆದದ್ದು ಹೀಗೆ: ಹತ್ತು ಸಿಟ್ಟಿಂಗ್, ವಾರಕ್ಕೆ ಎರಡು, ಐದು ವಾರ. ಒಟ್ಟು ಖರ್ಚು ಬಸ್ ಚಾರ್ಜ್ ಸೇರಿ ಎಂಟು ಸಾವಿರ. ಕಾಟದ ಅಂಕಿ ಮೂರಾದರೂ ಇಳಿಯದೆ ಇದ್ದರೆ ಹನ್ನೊಂದನೆಯದು ಇಲ್ಲ. ಹೆಂಡತಿಯ ಹತ್ತಿರ ಅದಕ್ಕೆ ಸಹಿ ಹಾಕಿಸಿದೆ. ಯಾಕೆಂದರೆ ಹತ್ತು ಮುಗಿದ ದಿನ ನಮ್ಮ ಮನಸ್ಸು "ಇನ್ನೊಂದು ನೂರಡಿ" ಅಂದೇ ಅನ್ನುತ್ತದೆ, ಆಗ ತಡೆಯಲು ಒಬ್ಬರು ಬೇಕು. 30 ಸಿಟ್ಟಿಂಗ್ ಪ್ಯಾಕೇಜ್, ದುಡ್ಡು ಮುಂಗಡ ಅನ್ನುವ ಕಡೆ ಕಟ್ಟಲೇಬೇಡಿ. ಒಂದು ಕಡೆ ನನಗೂ ಹಾಗೇ ಹೇಳಿದರು, ಮೂರು ದಿನ ಬಿಡದೆ ಫೋನ್ ಮಾಡಿದರು. ದಿನದ ದುಡ್ಡು ದಿನ ತೆಗೆದುಕೊಳ್ಳುವವರು ಸಿಗುತ್ತಾರೆ, ಹುಡುಕಿ.

ಯಾರ ಕೈಗೆ ಕಿವಿ ಕೊಡುವುದು

ಕೇಂದ್ರ ಆರೋಗ್ಯ ಇಲಾಖೆ 2019ರ ಫೆಬ್ರವರಿಯಲ್ಲಿ ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿ ಅಂತ ಗುರುತಿಸಿತು. ಹಾಗಂತ ಬೋರ್ಡ್ ಹಾಕಿಕೊಂಡವರೆಲ್ಲ ಒಂದೇ ಅಲ್ಲ. ವಾರಾಂತ್ಯದ ಕೋರ್ಸ್ ಮಾಡಿ ಕೂತವರೂ ಇದ್ದಾರೆ. ನನ್ನ ಆಯ್ಕೆ ಬಿಎನ್‌ವೈಎಸ್ ಓದಿದವರು, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಐದೂವರೆ ವರ್ಷದ ಪದವಿ, ಅದರಲ್ಲಿ ಅಕ್ಯುಪಂಕ್ಚರ್ ಪಾಠ ಇರುತ್ತದೆ. ಇಲ್ಲವೇ ಎಂಬಿಬಿಎಸ್ ಮಾಡಿ ಇದನ್ನು ಬೇರೆಯಾಗಿ ಕಲಿತವರು. ಇವರಿಗೆ ದೇಹದೊಳಗೆ ಯಾವ ನರ ಎಲ್ಲಿ, ಯಾವ ರಕ್ತನಾಳ ಎಲ್ಲಿ ಅಂತ ಗೊತ್ತಿರುತ್ತದೆ. ಕಿವಿಯ ಸುತ್ತ ಅದು ಬಹಳ ಮುಖ್ಯ, ಮುಖದ ನರ ಕಿವಿಯ ಹಿಂದೆಯೇ ಹಾದು ಬರುತ್ತದೆ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು ಕೆಪಿಎಂಇ ಕಾಯ್ದೆಯಲ್ಲಿ, ಅಂದರೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿ, ನೋಂದಣಿ ಆಗಿರಬೇಕು. ಪ್ರಮಾಣಪತ್ರ ಗೋಡೆಯ ಮೇಲೆ ಇದೆಯಾ ನೋಡಿ, ಇಲ್ಲದಿದ್ದರೆ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಸೂಜಿ ಮಾತ್ರ ಕಣ್ಣೆದುರೇ ಹೊಸ ಪ್ಯಾಕೆಟ್‌ನಿಂದ ತೆಗೆಯಬೇಕು. ಒಂದು ಸಲ ಬಳಸಿ ಬಿಸಾಡುವ ಸೂಜಿ ಇರಬೇಕು, ಬಳಸಿದ್ದನ್ನು ಗಟ್ಟಿ ಡಬ್ಬಿಗೆ ಹಾಕಬೇಕು. ಇದರಲ್ಲಿ ರಾಜಿ ಇಲ್ಲ. ನಾನು ಮೊದಲು ಹೋದ ಒಂದು ಕಡೆ ಸ್ಟೀಲ್ ತಟ್ಟೆಯಲ್ಲಿ ಸ್ಪಿರಿಟ್ ಹಾಕಿ ಸೂಜಿ ನೆನೆಸಿಟ್ಟಿದ್ದರು, "ನಿಮ್ಮದನ್ನು ನಿಮಗೇ ಬಳಸ್ತೀವಿ, ಹೆಸರು ಬರೆದಿಟ್ಟಿದ್ದೀವಿ" ಅಂದರು. ನಾನು ಶರ್ಟ್ ಹಾಕಿಕೊಂಡು ಬಂದುಬಿಟ್ಟೆ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಎಲ್ಲಾ ಸೂಜಿಯಿಂದ ಹರಡುವಂಥವು, ಬರೀ ಸ್ಪಿರಿಟ್‌ನಲ್ಲಿ ನೆನೆಸಿದರೆ ಸಾಲದು.

ರಕ್ತ ತೆಳುವಾಗಿಸುವ ಮಾತ್ರೆ, ಅಂದರೆ ವಾರ್ಫರಿನ್, ಕ್ಲೋಪಿಡೋಗ್ರೆಲ್ ಥರದ್ದು, ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ಕರೆಂಟ್ ಕೊಡುವ ವಿಧಾನ ಬೇಡ. ಗರ್ಭಿಣಿಯರು ತಮ್ಮ ಡಾಕ್ಟರನ್ನು ಕೇಳದೆ ಹೋಗಬಾರದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ಗಾಯ ಮಾಯುವುದು ತಡ, ಸೋಂಕಿನ ಭಯ ಜಾಸ್ತಿ, ಅದರಲ್ಲೂ ಕಿವಿಯ ಮೃದು ಎಲುಬಿಗೆ ಸಣ್ಣ ಸೂಜಿ ಚುಚ್ಚಿ ಟೇಪ್ ಅಂಟಿಸಿ ದಿನಗಟ್ಟಲೆ ಬಿಡುವ ವಿಧಾನ ಇದೆಯಲ್ಲ, ಅದನ್ನು ಯಾರೇ ಆಗಲಿ ಮಾಡಿಸಿಕೊಳ್ಳದಿರುವುದೇ ಒಳ್ಳೆಯದು ಅಂತ ನಾನು ಹೇಳುತ್ತೇನೆ. ಕಿವಿ ಎಲುಬಿಗೆ ಸೋಂಕಾದರೆ ಕಿವಿಯ ಆಕಾರವೇ ಕೆಡಬಹುದು.

ಸೂಜಿ ಹಾಕುವ ದಿನ

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಕೆಲವರಿಗೆ ತಲೆ ಸುತ್ತಿ ಬೀಳುವ ಹಾಗಾಗುತ್ತದೆ. ಹಾಗಂತ ಮುದ್ದೆ ಊಟ ಮಾಡಿ ಹೊಟ್ಟೆ ಬಿರಿಯುವ ಹಾಗೆಯೂ ಬೇಡ, ಒಂದು ಗಂಟೆ ಮುಂಚೆ ಸ್ವಲ್ಪ ತಿಂಡಿ ಸಾಕು. ಸಡಿಲ ಬಟ್ಟೆ ಹಾಕಿ. ಮೊದಲ ದಿನ ಮಲಗಿಯೇ ಮಾಡಿಸಿಕೊಳ್ಳಿ.

ಸೂಜಿ ತುಂಬಾ ತೆಳು, ಕಾಲು ಮಿಲಿಮೀಟರ್ ಆಸುಪಾಸು. ಇಂಜೆಕ್ಷನ್ ಸೂಜಿಯ ಹಾಗೆ ಅಲ್ಲ. ಕಿವಿಯ ಮುಂದೆ ಒಂದು ಸಣ್ಣ ಗುಬುಟು ಇದೆಯಲ್ಲ, ಅದರ ಮುಂದೆ ಬೆರಳಿಟ್ಟು ಬಾಯಿ ತೆರೆಯಿರಿ, ಗುಳಿ ಬೀಳುತ್ತದೆ. ಅಲ್ಲಿ ಮೇಲಿಂದ ಕೆಳಗೆ ಮೂರು ಬಿಂದು. ಚೀನೀ ಹೆಸರು ಎರ್‌ಮೆನ್, ಟಿಂಗ್‌ಗಾಂಗ್, ಟಿಂಗ್‌ಹುಯಿ. ಎರ್‌ಮೆನ್ ಅಂದರೆ ಕಿವಿಯ ಬಾಗಿಲು, ಟಿಂಗ್‌ಗಾಂಗ್ ಅಂದರೆ ಕೇಳುವ ಅರಮನೆ. ಓಲೆ ಹಾಕುವ ಹಾಲೆಯ ಹಿಂದಿನ ಗುಳಿಯಲ್ಲಿ ಯಿಫೆಂಗ್. ತಲೆಬುರುಡೆ ಕೆಳಗೆ ಕುತ್ತಿಗೆ ಶುರುವಾಗುವ ಕಡೆ ಎರಡೂ ಪಕ್ಕ ಫೆಂಗ್‌ಚಿ. ಇವುಗಳ ಜೊತೆ ಕೈಯಲ್ಲಿ ಹೆಬ್ಬೆರಳು ತೋರುಬೆರಳ ಮಧ್ಯೆ, ಮುಂಗೈಯಲ್ಲಿ, ಕಾಲಿನ ಒಳಗಿಣ್ಣಿನ ಹಿಂದೆ ಹಾಕಬಹುದು. ಕಿವಿಗೆ ಕಾಲು ಯಾಕೆ ಅಂತ ನಾನೂ ಕೇಳಿದೆ. ಚೀನೀ ಪದ್ಧತಿಯಲ್ಲಿ ಕಿವಿ ಸೇರುವುದು ಕಿಡ್ನಿಯ ಲೆಕ್ಕಕ್ಕೆ, ಅದಕ್ಕೆ. "ನಿಮ್ಮ ಕಿಡ್ನಿ ವೀಕ್ ಇದೆ" ಅಂದರೆ ಹೆದರಬೇಡಿ, ಅದು ಅವರ ಶಾಸ್ತ್ರದ ಮಾತು. ಗೊತ್ತಿಲ್ಲದೆ ನಾನು ಹೆದರಿ ಮಾರನೇ ದಿನವೇ ಹೋಗಿ ಕ್ರಿಯೇಟಿನಿನ್ ಟೆಸ್ಟ್ ಮಾಡಿಸಿದೆ, ನಾರ್ಮಲ್ ಬಂತು.

ಸೂಜಿ ಒಳಗೆ ಹೋದಾಗ ಚುರುಕ್ ಅನ್ನುತ್ತದೆ, ಆಮೇಲೆ ಆ ಜಾಗ ಭಾರ ಆದ ಹಾಗೆ, ಜುಮ್ ಅಂದ ಹಾಗೆ ಆಗುತ್ತದೆ. ಅದು ಸರಿ. ಆದರೆ ಕರೆಂಟ್ ಹೊಡೆದ ಹಾಗೆ ಮುಖದ ಉದ್ದಕ್ಕೂ ಓಡಿದರೆ ತಕ್ಷಣ ಹೇಳಿ, ತಡೆದುಕೊಂಡು ಮಲಗಬೇಡಿ. 20ರಿಂದ 30 ನಿಮಿಷ ಹಾಗೇ ಬಿಡುತ್ತಾರೆ. ತೆಗೆದ ಮೇಲೆ ಒಂದು ಹನಿ ರಕ್ತ, ಸಣ್ಣ ನೀಲಿ ಕಲೆ ಆಗಬಹುದು, ಹತ್ತಿ ಒತ್ತಿದರೆ ಸಾಕು. ಭುಜದ ಮೇಲೆ ಆಳವಾಗಿ ಚುಚ್ಚುವುದನ್ನು ಬೇಡ ಅನ್ನಿ, ಕೆಳಗೇ ಶ್ವಾಸಕೋಶದ ತುದಿ ಇದೆ. ಅಪರೂಪ, ಆದರೆ ತೂತಾದ ಉದಾಹರಣೆಗಳಿವೆ. ಸೂಜಿ ಹಾಕಿಸಿಕೊಂಡ ದಿನ ಎದೆ ನೋವು, ಉಸಿರು ಕಟ್ಟುವುದು ಕಂಡರೆ ಆಸ್ಪತ್ರೆಗೆ ಹೋಗಬೇಕು. ಬೈಕ್‌ನಲ್ಲಿ ಹೋಗುವವರು ಮೊದಲ ದಿನ ಕೂಡಲೇ ಹೊರಡದೆ ಕಾಲು ಗಂಟೆ ಕೂತು ಬನ್ನಿ.

ಮನೆಯಲ್ಲಿ ನೀವೇ ಸೂಜಿ ಚುಚ್ಚಿಕೊಳ್ಳುವುದು ಬೇಡವೇ ಬೇಡ. ಬೇಕಿದ್ದರೆ ಅದೇ ಬಿಂದುಗಳನ್ನು ಬೆರಳಿನಿಂದ ಒಂದೆರಡು ನಿಮಿಷ ಮೆತ್ತಗೆ ಒತ್ತಿ, ದವಡೆ ಸಡಿಲ ಆಗುತ್ತದೆ, ಖರ್ಚೂ ಇಲ್ಲ.

ಚಿಕಿತ್ಸೆ ನಡೆಯುವ ಐದು ವಾರದಲ್ಲಿ ಬೇರೆ ಹೊಸದೇನನ್ನೂ ಶುರು ಮಾಡಬೇಡಿ, ಹೊಸ ಮಾತ್ರೆ, ಹೊಸ ಕಷಾಯ ಯಾವುದೂ ಬೇಡ. ಎರಡು ಮೋಟಾರ್ ಒಟ್ಟಿಗೆ ಓಡಿಸಿದರೆ ನೀರು ಯಾವುದರಿಂದ ಬಂತು ಅಂತ ಹೇಳುವುದು ಹೇಗೆ?

ನನ್ನ ಪುಸ್ತಕದಲ್ಲಿ ಬಂದ ಲೆಕ್ಕ

ಸದ್ದಿನ ಜೋರು ಮೊದಲೂ 7, ಕಡೆಗೂ 7. ಒಂದೆರಡು ದಿನ 6. ಕಾಟ 8ರಿಂದ 6ಕ್ಕೆ ಬಂತು. ನಿದ್ದೆ ಮಾತ್ರ ಚೆನ್ನಾಗಾಯಿತು, ಅದರಲ್ಲೂ ಸೂಜಿ ಹಾಕಿಸಿಕೊಂಡ ರಾತ್ರಿ. ಕುತ್ತಿಗೆಯ ಹಳೇ ಬಿಗಿತ ಸಡಿಲಾದದ್ದು ನಿಜ. ಅದು ಸೂಜಿಯಿಂದಲೋ, ವಾರಕ್ಕೆ ಎರಡು ಸಲ ಫೋನ್ ಇಲ್ಲದ ಕೋಣೆಯಲ್ಲಿ ಅರ್ಧ ಗಂಟೆ ಕಣ್ಣು ಮುಚ್ಚಿ ಮಲಗಿದ್ದರಿಂದಲೋ, ನನ್ನ ಕಷ್ಟವನ್ನು ಒಬ್ಬರು ಕೂತು ಪೂರ್ತಿ ಕೇಳಿದ್ದರಿಂದಲೋ, ಬೇರೆ ಬೇರೆ ಮಾಡಿ ಹೇಳಲು ಆಗುವುದಿಲ್ಲ. ಕಾಟ ಎರಡೇ ಇಳಿದದ್ದು. ನಾನು ಬರೆದದ್ದು ಮೂರು. ಹತ್ತನೇ ದಿನ ಡಾಕ್ಟರ್ ಇನ್ನೊಂದು ಹತ್ತು ನೋಡೋಣವಾ ಅಂದರು, ಒಳ್ಳೆಯ ಮನುಷ್ಯರು, ಒತ್ತಾಯ ಮಾಡಲಿಲ್ಲ. ನಾನು ನಮಸ್ಕಾರ ಹೇಳಿ ಬಂದೆ. ನಿಮ್ಮ ಪುಸ್ತಕದಲ್ಲಿ ನಾಲ್ಕೋ ಐದೋ ಇಳಿದರೆ, ಒಂದು ತಿಂಗಳು ಬಿಟ್ಟು ನೋಡಿದಾಗಲೂ ಇಳಿದೇ ಇದ್ದರೆ, ನೀವು ಮುಂದುವರಿಸಿ. ಅದು ನಿಮ್ಮ ಹೊಲ.

ಉಳಿದ ದುಡ್ಡನ್ನು ಹಿಯರಿಂಗ್ ಏಡ್ ಕಡೆ ಹಾಕಿದೆ. ಇದನ್ನು ಎಲ್ಲಕ್ಕಿಂತ ಮೊದಲು ಮಾಡಬೇಕಿತ್ತು. ಗುಂಯ್ ಜೊತೆ ಕಿವಿಯೂ ಮಂದ ಆಗಿರುವವರಿಗೆ ಅಮೆರಿಕದ ಮಾರ್ಗಸೂಚಿಯೂ ಬ್ರಿಟನ್ನಿನದೂ ಹೇಳುವುದು ಹಿಯರಿಂಗ್ ಏಡ್ ನೋಡಿ ಅಂತ. ಹೊರಗಿನ ಸದ್ದು ಸರಿಯಾಗಿ ಬಂದರೆ ಒಳಗಿನದು ಹಿಂದೆ ಸರಿಯುತ್ತದೆ. ನಾಚಿಕೆ ಪಟ್ಟುಕೊಂಡು ಎರಡು ವರ್ಷ ತಡ ಮಾಡಿದೆ, ಅದರ ಬಗ್ಗೆ ಈಗಲೂ ಬೇಸರ ಇದೆ. ರಾತ್ರಿ ಪೂರ್ತಿ ನಿಶ್ಶಬ್ದದಲ್ಲಿ ಮಲಗಬೇಡಿ, ಫ್ಯಾನ್ ಸದ್ದೋ ಫೋನ್‌ನಲ್ಲಿ ಮಳೆ ಸದ್ದೋ ಸಣ್ಣಗೆ ಇರಲಿ, ಗುಂಯ್ ಪೂರ್ತಿ ಮುಚ್ಚುವಷ್ಟು ಜೋರಾಗಿ ಬೇಡ. ಇನ್ನು ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ. ಅದರಿಂದ ಸದ್ದು ಇಳಿಯುವುದಿಲ್ಲ, ಕಾಟ ಇಳಿಯುತ್ತದೆ, ಮತ್ತು ಇದಕ್ಕೆ ಇರುವಷ್ಟು ಒಳ್ಳೆಯ ಪುರಾವೆ ಸೂಜಿಗೂ ಇಲ್ಲ ಮಾತ್ರೆಗೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕೇಳಬಹುದು. ಈ ಸದ್ದಿನಿಂದ ಬದುಕೇ ಬೇಡ ಅನ್ನಿಸುವ ರಾತ್ರಿಗಳು ಬರುತ್ತವೆ, ನನಗೂ ಬಂದಿವೆ. ಅಂಥ ಹೊತ್ತಲ್ಲಿ 14416ಕ್ಕೆ ಫೋನ್ ಮಾಡಿ, ಟೆಲಿ ಮನಸ್ ಅಂತ ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಇರುವ ಕೋಶಗಳನ್ನು ಉಳಿಸಿಕೊಳ್ಳುವ ಕೆಲಸವೂ ಇದೆ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಅಲ್ಲಿಂದ ಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ ಆಗುತ್ತದೆ. 100 ಡೆಸಿಬಲ್‌ಗೆ ಬರುವ ಹೊತ್ತಿಗೆ ಬರೀ 15 ನಿಮಿಷ. ಒಂದು ಮಾರು ದೂರದಲ್ಲಿ ನಿಂತವರಿಗೆ ಕೂಗಿ ಹೇಳಬೇಕು ಅಂದರೆ ಅಲ್ಲಿ 85 ದಾಟಿದೆ ಅಂದುಕೊಳ್ಳಿ. ಬೋರ್ ಗಾಡಿ, ಕಲ್ಲು ಕ್ರಷರ್, ಗಣೇಶನ ಮೆರವಣಿಗೆಯ ಡಿಜೆ, ಎಲ್ಲಾ ಕಡೆ ಇದೇ ಲೆಕ್ಕ. ಹತ್ತಿ ಸಾಲದು, ಫೋಮ್ ಇಯರ್ ಪ್ಲಗ್ ಬೇಕು. ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ಇನ್ನೊಂದು ಕೈಯಲ್ಲಿ ಕಿವಿಯನ್ನು ಮೇಲಕ್ಕೆ ಎಳೆದು ಒಳಗಿಟ್ಟು, ಉಬ್ಬುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ನಾನು ಬಿಟ್ಟು ಬಂದ ಗಾಡಿಗೆ ಹೋದ ತಿಂಗಳು ಒಂದು ಡಬ್ಬ ಕೊಟ್ಟು ಬಂದೆ, ಸ್ಪ್ಯಾನರ್ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಕಂಪ್ರೆಸರ್ ಪಕ್ಕ ನಿಲ್ಲುವ ಹುಡುಗನಿಗೆ ಇನ್ನೂ ಇಪ್ಪತ್ತೆರಡು ವರ್ಷ, ಅವನು ಎರಡೂ ಕಿವಿಗೆ ಹಾಕಿಕೊಂಡು ತೋರಿಸಿದ.